ಮೂರನೇ ಡಬ್ಬಿ

ಮೊದಲು ಬಂದದ್ದು ಎಲೆಗಳು.
ಕಪ್ಪು ಪರದೆಯ ಮೇಲೆ ಬಾಗಿದ ಬಿಳಿ ಟೊಂಗೆ ಎರಡು,
ನಡುವೆ ಒಂದು ಊರು, ಒಂದು ಇಸವಿ.
ಅಳಿಸಿತು. ಮತ್ತೆರಡು ಟೊಂಗೆ, ಮತ್ತೊಂದು ಊರು.
ಹೀಗೆ ಹನ್ನೊಂದು ಸಲ.
‘ಇದೇನ್ರಿ ಅಕ್ಕೋರ, ಬೇವಿನ ತಪ್ಪಲೇನು?’
ಮುಂದಿನ ಬಾಕಿನಿಂದ ಯಾರೋ.
‘ಪ್ರಶಸ್ತಿ ಬಂದಾವು, ಪರದೇಶದ್ದು’ ಅಂದೆ ಮೈಕಿನಲ್ಲಿ.
‘ಮತ್ತ ಅವರ ಊರಾಗ?’
ಅವರ ಊರಲ್ಲಿ ಅದು ಏಳು ವರ್ಷ
ಬೀಗ ಹಾಕಿದ ಕಪಾಟಿನಲ್ಲಿತ್ತು. ಹೇಳಲಿಲ್ಲ.
ಅಷ್ಟರಲ್ಲಿ ಹಿಮ ಬೀಳಲು ಶುರುವಾಗಿತ್ತು.

ಎಂಬತ್ತಾರರ ಮೇ ತಿಂಗಳು, ವಿಜಾಪುರ.
ಫ್ಯಾನು ನಾಲ್ಕು, ತಿರುಗುವುದು ಒಂದು.
ಪುಣೆಯಿಂದ ಹೊರಟು ಹೊಟಗಿಯಲ್ಲಿ ಗಾಡಿ ಬದಲಿಸಿ
ಸಣ್ಣ ಹಳಿಯ ಮೇಲೆ ಕುಲುಕುತ್ತ ಬಂದ ತಗಡಿನ ಡಬ್ಬಿ ಐದು.
ಸೈಕಲ್ಲಿಗೆ ಕಟ್ಟಿ ತಂದವರು ರಾಜೇಸಾಬ ನದಾಫ,
ಸ್ಟೇಶನ್ ರೋಡಿನ ಟಾಕೀಸಿನ ಆಪರೇಟರು.
‘ತುರ್ಕರು ನಮಗೇನು ಹೊಸಬರ್ರಿ?
ಬುರುಜಿನ ಮ್ಯಾಲಿನ ತೋಪು ಎರಕ ಹೊಯ್ದಾಂವ ಆ ಕಡಿಯಾಂವನ.
ಅದು ಕಿವಿ ಒಡಿಸ್ತು. ಇದು ಏನ ಮಾಡ್ತದೋ ನೋಡೂಣು.’

ನನ್ನ ಕೆಲಸ ಇಷ್ಟು:
ಕಾಲಡಿ ಮೂಡುವ ಇಂಗ್ಲಿಷು ಸಾಲುಗಳನ್ನು
ಅವು ಮಾಯವಾಗುವ ಮೊದಲು ಕನ್ನಡದಲ್ಲಿ ಹೇಳುವುದು.
ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸುವ ಇಪ್ಪತ್ತಾರರ ಹುಡುಗಿ,
ಗುಡ್ಡದ ಗಂಡಸರಿಗೆ, ಪೊಲೀಸರಿಗೆ, ಕತ್ತೆಗೂ
ನನ್ನದೇ ದನಿ ಕೊಡುತ್ತಿದ್ದೆ.
ಹಿಂದಿನ ಸಾಲಿನಲ್ಲಿ ಅಣ್ಣ ಗುರುಬಸು,
ಆಟ ಬಿಟ್ಟ ಮೇಲೆ ನನ್ನನ್ನು ಮನೆಗೆ ಕರೆದೊಯ್ಯಲು.

ಚಿತ್ರದಲ್ಲಿಯೂ ಒಬ್ಬ ಅಣ್ಣ.
ತಂಗಿಯ ಮನೆಗೆ ಬಾಗಿಲಿಲ್ಲವೆಂದು
ತನ್ನ ಮನೆಯ ಬಾಗಿಲು ಕಿತ್ತು ಬೆನ್ನಿಗೆ ಬಿಗಿದುಕೊಂಡು
ಗುಡ್ಡ ಹತ್ತುತ್ತಾನೆ. ಎರಡು ಡಬ್ಬಿ ಪೂರ್ತಿ ಹತ್ತುತ್ತಾನೆ.
ಗಾಳಿ ಬಾಗಿಲನ್ನು ಬಡಿಯುತ್ತದೆ,
ಒಳಗೆ ಯಾರಾದರೂ ಇದ್ದಾರೆ ಎಂಬಂತೆ.

ಮೂರನೇ ಡಬ್ಬಿ ಬೇರೆ ಪ್ರಿಂಟಿನದು.
ಅಕ್ಷರ ಇಂಗ್ಲಿಷಿನವೇ, ಮಾತು ಇಂಗ್ಲಿಷಲ್ಲ.
ಫ್ರೆಂಚೋ ಏನೋ. ನಾನು ಸುಮ್ಮನಾದೆ.
ತಂಗಿ ಹೊಸ ಬಾಗಿಲಿಗೆ ಕೈಯಿಟ್ಟು ಮಾತಾಡುತ್ತಿದ್ದಾಳೆ,
ಜನ ಕತ್ತಲಲ್ಲಿ ನನ್ನ ಕಡೆ ತಿರುಗುತ್ತಿದ್ದಾರೆ.
ಮೇಲಿನ ಕಿಂಡಿಯಿಂದ ರಾಜೇಸಾಬರ ಪಿಸುಮಾತು:
‘ನಿಂದರಬ್ಯಾಡ್ರಿ ಅಕ್ಕೋರ, ಹೇಳ್ರಿ.’

ಹೇಳಿದೆ:
‘ಅಣ್ಣಾ, ಬಾಗಲಾ ತಂದಿ, ಖರೆ.
ಯಾರೂ ಒಳಗ ಬರಬಾರದಂತ ತಂದಿಯೋ,
ನಾ ಹೊರಗ ಹೋಗಬಾರದಂತ ತಂದಿಯೋ?’

ಫ್ಯಾನಿನ ಸದ್ದು ಮಾತ್ರ ಇತ್ತು.
ಆಮೇಲೆ ಹೆಂಗಸರ ಬದಿಯಲ್ಲಿ ಒಬ್ಬರು ಮೂಗೆಳೆದರು.
ಗುಮ್ಮಟದಲ್ಲಿ ಕೂಗಿದ್ದು ಏಳು ಸಲ ತಿರುಗಿ ಬರುತ್ತದೆ;
ಇದು ಒಂದೇ ಸಲ ಹೋಯಿತು, ಹಿಂದಿನ ಸಾಲಿನವರೆಗೆ.

ಆಟ ಮುಗಿದಾಗ ರಾಜೇಸಾಬರು ಕೆಳಗಿಳಿದು
ಅಂಗಿಯ ಜೇಬಿನಿಂದ ಇಂಡಿಯ ನಿಂಬೆಹಣ್ಣೊಂದು ತೆಗೆದು
ಹಿರಿಯರಿಗೆ ಕೊಡುವಂತೆ ಎರಡೂ ಕೈಯಲ್ಲಿ ಕೊಟ್ಟರು.
‘ಅದರಾಗ ಹಂಗ ಇತ್ತೇನ್ರಿ?’
‘ಇತ್ತು’ ಅಂದೆ.

ಈ ಯುಗಾದಿಗೆ ಆ ಚಿತ್ರ ತೊಳೆದು ಹೊಸದಾಗಿದೆ.
ಸಮುದ್ರದ ದಂಡೆಯ ಯಾವುದೋ ಊರಲ್ಲಿ
ಜನ ಎದ್ದು ನಿಂತು ಒಂಬತ್ತು ನಿಮಿಷ ಚಪ್ಪಾಳೆ ತಟ್ಟಿದರಂತೆ.
ಹನ್ನೆರಡನೇ ಎಲೆ.
ಕನ್ನಡಕ ಒರೆಸಿಕೊಂಡು ಮೊಬೈಲಿನಲ್ಲಿ ನೋಡಿದೆ,
ಅಂಗೈಯಗಲದ ಹಿಮ, ಬೆರಳುದ್ದದ ಬಾಗಿಲು.
ಈ ಸಲ ಸಾಲುಗಳು ಸರಿಯಾಗಿವೆ.
ತಂಗಿ ಅನ್ನುತ್ತಾಳೆ:
‘ಗಾಳಿ ನಿಂತಿತು. ಒಲೆಯ ಹತ್ತಿರ ಬಾ, ಕೈ ಕಾಸಿಕೋ.’
ಅಷ್ಟೇ. ಹಿಂದೆ ಸರಿಸಿ ಮತ್ತೆ ನೋಡಿದೆ. ಅಷ್ಟೇ.

ನನಗಿಂತ ಚೆನ್ನಾಗಿ ಅಂದಿದ್ದಾಳೆ, ಅದು ಖರೆ.
ಆದರೂ ಅವಳ ಆ ಮುಖ,
ಬಾಗಿಲ ಮೇಲಿಟ್ಟ ಆ ಕೈ,
ನಾನು ಪೂರಾ ಸುಳ್ಳು ಹೇಳಿದ್ದೆ ಅಂತ ಈಗಲೂ ಅನಿಸುವುದಿಲ್ಲ.

ಆ ರಾತ್ರಿ ಗಾಂಧಿ ಚೌಕದಿಂದ ಮನೆವರೆಗೆ
ಅಣ್ಣ ನನ್ನ ಮುಂದೆ ನಡೆಯಲಿಲ್ಲ, ಹಿಂದೆಯೂ ಅಲ್ಲ.
ಮರುದಿನ ನಿಂಬೆ ಹಿಂಡಿ ಶರಬತ್ತು ಮಾಡಿದೆ.
ಎರಡು ಲೋಟ ಕುಡಿದ.
ಬೀಜವೊಂದು ನಾಲಿಗೆಗೆ ಸಿಕ್ಕಿತು,
ಅದನ್ನು ತೆಗೆದು ಬಹಳ ಹೊತ್ತು ನೋಡುತ್ತ ಕೂತ.