ಕಾಲಂ ಹದಿನಾಲ್ಕು

ಕೆ.ಆರ್. ಪುರದ ತಾಲ್ಲೂಕು ಕಚೇರಿಯೆದುರು
ಹೊಂಗೆ ಮರದ ಬುಡದಲ್ಲಿ ನನ್ನ ಆಫೀಸು:
ಒಂದು ಪ್ಲಾಸ್ಟಿಕ್ ಸ್ಟೂಲು, ಮಡಿಚುವ ಮೇಜು,
ಅಂಟು, ಸ್ಟಾಂಪ್ ಪ್ಯಾಡು, ನೀಲಿ ಪೆನ್ನು ಎರಡು.
ಅರ್ಜಿಗೆ ಮೂವತ್ತು. ಓದಲು ಬಾರದವರಿಗೆ ಇಪ್ಪತ್ತು.
ವಿಧವೆಯರಿಗೆ ಎಷ್ಟೆಂದು ಇನ್ನೂ ತೀರ್ಮಾನಿಸಿಲ್ಲ,
ಹತ್ತೊಂಬತ್ತು ವರ್ಷವಾಯಿತು.

ಸರ್ಕಾರ ಮಾತಾಡುವುದು ಚೌಕದಲ್ಲಿ.
ಒಂದು ಚೌಕಕ್ಕೆ ಒಂದೇ ಅಕ್ಷರ.
ದೊಡ್ಡಮುನಿಸ್ವಾಮಪ್ಪ ಅದರಲ್ಲಿ ಹಿಡಿಯುವುದಿಲ್ಲ,
ಕೊನೆಯ 'ಪ್ಪ' ಗೆರೆಯಾಚೆ ನಿಲ್ಲುತ್ತದೆ,
ಊರಾಚೆ ನಿಂತಂತೆ.
ಅವನಿಗದು ರೂಢಿ.
"ಬುಡಿ ಸಾಮಿ, ಅಷ್ಟ್ ಸಾಕು" ಅಂದ.

ಎಲ್ಲದಕ್ಕೂ ಶಾಪ ಹಾಕಲಾರೆ. ಬಂದದ್ದು ಬಂದಿದೆ.
ನನಗೇ ಬಂದಿದೆ: ಎಂಬತ್ತೇಳರಲ್ಲಿ ಹಾಸ್ಟೆಲಿನ ಸೀಟು,
ಎರಡು ಹೊತ್ತು ಮುದ್ದೆ, ಬೀಗವಿಲ್ಲದ ಒಂದು ಟ್ರಂಕು.
ಆ ಅರ್ಜಿ ಬರೆದುಕೊಟ್ಟವರು ಯಾರೋ ತಿಳಿಯದು,
ಕೈಬರಹ ಮಾತ್ರ ನೆನಪಿದೆ,
ಒತ್ತಕ್ಷರಗಳೆಲ್ಲ ಎಡಕ್ಕೆ ವಾಲುತ್ತಿದ್ದವು.

ತಸ್ಮಿಯಾಳ ತಾಯಿ ರಾಮಮೂರ್ತಿನಗರದಿಂದ
ಸೊನ್ನೆ ರೂಪಾಯಿಯ ಟಿಕೇಟಿನಲ್ಲಿ ಬರುತ್ತಾಳೆ.
ಚೀಟಿ ಎಸೆಯುವುದಿಲ್ಲ, ಪರ್ಸಿನಲ್ಲಿ ಜೋಡಿಸಿಡುತ್ತಾಳೆ.
ಯಾಕಮ್ಮ ಅಂದರೆ
"ಯಾರಾದ್ರೂ ಕೇಳಿದ್ರೆ?" ಅನ್ನುತ್ತಾಳೆ.
ಗಂಡ ಬೈಕಿನಲ್ಲಿ ತೋರಿಸದ ಬೆಂಗಳೂರನ್ನೆಲ್ಲ
ಆ ಸೊನ್ನೆ ತೋರಿಸಿತಂತೆ:
ಲಾಲ್‌ಬಾಗು, ವಾಣಿವಿಲಾಸ ಆಸ್ಪತ್ರೆ, ತಂಗಿಯ ಮನೆ.
ಮಗಳಿಗೆ ಇಂಗ್ಲಿಷ್ ಶಾಲೆಯಲ್ಲಿ ಕಾಯ್ದೆಯ ಸೀಟು.
ಫೀಸಿಲ್ಲ.
ಆದರೆ ಶೂ ಎರಡು ಜೊತೆ, ಕಪ್ಪು ಒಂದು, ಬಿಳಿ ಒಂದು,
ಬಣ್ಣದ ದಿನಕ್ಕೆ ಹಳದಿ ಫ್ರಾಕು,
ಹುಟ್ಟುಹಬ್ಬಕ್ಕೆ ನಲವತ್ತು ಚಾಕೊಲೇಟು.
"ಇದಕ್ಕೂ ಅರ್ಜಿ ಹಾಕಬಹುದಾ?"
ಹಾಕೋಣ ಅಂದೆ. ಯಾರಿಗೆ ಎಂದು ತಿಳಿಯದೆ
'ಮಾನ್ಯರೇ' ಎಂದಷ್ಟೇ ಬರೆದು ನಿಲ್ಲಿಸಿದೆ.

ಮೊನ್ನೆ ಮಂಗಳವಾರ ಪೆಂಚಲಮ್ಮ.
ಗಂಡ ಅಂಕಯ್ಯ, ವಯಸ್ಸು ಮೂವತ್ತನಾಲ್ಕು,
ಅಪಾರ್ಟ್‌ಮೆಂಟೊಂದರ ಗುಂಡಿಗೆ ಇಳಿದವನು
ಮೇಲೆ ಬಂದದ್ದು ಹಗ್ಗದಲ್ಲಿ.
ಇವಳ ಕೈಲಿ ಅವನ ಫೋಟೋ, ಯಾರದೋ ಮದುವೆಯದು,
ಕತ್ತರಿಸಿದ್ದರಿಂದ ಹೆಗಲ ಮೇಲೆ
ಇನ್ಯಾರದೋ ಕೈಯಷ್ಟೇ ಉಳಿದಿದೆ.

ಬರೆಯುತ್ತ ಬಂದೆ. ಹೆಸರು. ವಿಳಾಸ. ಆಧಾರ್.
ಕಾಲಂ ಹದಿನಾಲ್ಕು: ಮೃತರ ವೃತ್ತಿ.
ಪೆನ್ನು ನಿಂತಿತು.
ಗುಂಡಿಗೆ ಮನುಷ್ಯನನ್ನು ಇಳಿಸಕೂಡದೆಂದು ಕಾನೂನಿದೆ.
ಒಳ್ಳೆಯ ಕಾನೂನು, ನಾನೇ ಓದಿದ್ದೇನೆ,
ಜೈಲೂ ಇದೆ, ದಂಡವೂ ಇದೆ.
ಆದ್ದರಿಂದ ಯಾರೂ ಇಳಿಯುವುದಿಲ್ಲ.
ಯಾರೂ ಇಳಿಯದ್ದರಿಂದ ಆ ಕೆಲಸವೇ ಇಲ್ಲ.
ಇಲ್ಲದ ಕೆಲಸದಲ್ಲಿ
ಇದ್ದ ಒಬ್ಬ ಸತ್ತ.

ಒಳಗಿನ ಭಾರ್ಗವಿ ಮೇಡಂ ಕೆಟ್ಟವರಲ್ಲ.
ಊಟದ ಡಬ್ಬಿ ಮುಚ್ಚಿಟ್ಟು ಕಿಟಕಿಗೆ ಬಂದರು,
ದನಿ ತಗ್ಗಿಸಿದರು:
"ಪ್ಲಂಬರ್ ಅಂತ ಹಾಕ್ಬಿಡಿ, ಸ್ವಲ್ಪ ದುಡ್ಡಾದರೂ ಬೇಗ ಬರುತ್ತೆ.
ನಿಜ ಹಾಕಿದರೆ ಜಾಸ್ತಿ ಬರಬೇಕು,
ಆದರೆ ಆ ನಿಜಕ್ಕೆ ಇನ್ನೂ ನಾಲ್ಕು ಸಹಿ ಬೇಕು."

ಪೆಂಚಲಮ್ಮನಿಗೆ ಎರಡನ್ನೂ ಹೇಳಿದೆ.
ಅರ್ಜಿಯ ಮೇಲೆ ಉದುರಿದ ಹೊಂಗೆ ಹೂವನ್ನು
ಕಿರುಬೆರಳಿಂದ ಸರಿಸುತ್ತ ಕೂತಳು.
"ಪ್ಲಂಬರ್ ಅಂದ್ರೆ ನಲ್ಲಿ ರಿಪೇರಿಯವ್ರಾ?
ನಮ್ಮನೆ ನಲ್ಲೀನೇ ಒಂದಿನಾ ಸರಿ ಮಾಡ್ಲಿಲ್ಲ ಅವ್ನು.
ಸೋಪಿಗೇ ದುಡ್ಡೋಗದು ಸಾಮಿ.
ದಿನಕ್ಕೆ ಒಂದು ಸೋಪು.
ಉಜ್ಜಿ ಉಜ್ಜಿ, ಆಮೇಲೇ ಮಗೀನ ಎತ್ಕೊಳ್ಳೋನು.
ಅದನ್ನ ಬರೀರಿ."

ಬರೆದೆ.
ಚೌಕ ಮುಗಿದರೂ ನಿಲ್ಲಿಸಲಿಲ್ಲ,
ಅಂಚಿಗೆ ಹೋದೆ, ಅಂಚು ತಿರುಗಿ ಹಿಂಬದಿಗೆ.
ಎಷ್ಟಾಯ್ತು ಅಂದಳು.
ಮುಂದಿನ ಸಲ ನೋಡೋಣ ಅಂದೆ.

ಗುರುವಾರ ಅರ್ಜಿ ಮರಳಿ ಬಂತು. ಕೆಂಪು ಶಾಯಿಯಲ್ಲಿ
'ಕಾಲಂ ೧೪: ಬರಹ ಗೆರೆ ದಾಟಿದೆ.'
ಹೊಸ ಫಾರಂ ತೆಗೆದಿದ್ದೇನೆ.
ಅದನ್ನೇ ಬರೆಯುತ್ತಿದ್ದೇನೆ ಮತ್ತೆ,
ಈ ಸಲ ಅಕ್ಷರ ಸಣ್ಣ ಮಾಡಿ,
ಸೋಪನ್ನೂ ಬಿಡದೆ.