ಎರಡು ಅಚ್ಚುಮೊಳೆ

ಹಸ್ತಪ್ರತಿ ಅಂತೀಯ. ಕೂತುಕೋ ಮಗು, ಸ್ಟೂಲು ಹುಷಾರು,
ಒಂದು ಕಾಲು ಗಿಡ್ಡ.
ನಮ್ಮ ಪ್ರೆಸ್ಸಿನಲ್ಲಿ ಯಾರೂ ಹಾಗನ್ನುತ್ತಿರಲಿಲ್ಲ,
‘ಮ್ಯಾಟರು’ ಅನ್ನುತ್ತಿದ್ದೆವು.
ಬಂದ ಮ್ಯಾಟರನ್ನು ಹೋಳು ಮಾಡಿ
ಹಂಚಿಕೊಂಡು ಮೊಳೆ ಜೋಡಿಸುವುದು:
ಯುದ್ಧ ಶೇಷಗಿರಿಗೆ, ಬೀಳ್ಕೊಡುಗೆ ಪೀರ್‌ಸಾಬರಿಗೆ,
ನನ್ನ ಪಾಲಿಗೆ ಯಾವಾಗಲೂ ನಡುವಿನದು.
ಹೀಗಾಗಿ ಹೇಮಸೇನರ ಹನ್ನೊಂದು ಕಾದಂಬರಿಯಲ್ಲಿ
ಒಂದರ ಕೊನೆಯೂ ನನಗೆ ಗೊತ್ತಿಲ್ಲ.

ಹೇಮಸೇನ ಅಂದರೆ ಮೀಸೆ, ಜರಿಪೇಟ ಅಂದುಕೊಂಡಿದ್ದರು ಜನ.
ಬರುತ್ತಿದ್ದವರು ಪುಟ್ಟಚೆನ್ನಮ್ಮ,
ಟ್ರಂಕ್ ಎಕ್ಸ್‌ಚೇಂಜಿನ ರಾತ್ರಿಪಾಳಿ ಮುಗಿಸಿ,
ಕಾಟನ್‌ಪೇಟೆ ನಲ್ಲಿಗಳಿಗೆ ನೀರು ಬಿಡುವ ಹೊತ್ತಿಗೆ.
ಕಿವಿಯ ಸುತ್ತ ಹೆಡ್‌ಫೋನಿನ ಕೆಂಪು ಗೆರೆ,
ಚೀಲದಲ್ಲಿ ಟ್ರಂಕ್‌ಕಾಲ್ ಚೀಟಿಗಳ ಕಟ್ಟು.
ಒಂದು ಮಗ್ಗುಲು: ಬೆಂಗಳೂರು, ಹುಬ್ಬಳ್ಳಿ, ಅರ್ಜೆಂಟ್, ಮೂರು ನಿಮಿಷ.
ಇನ್ನೊಂದು ಮಗ್ಗುಲು: ಗಂಗರ ಕಾಲ, ಬೆಳದಿಂಗಳು,
ದಿಡ್ಡಿಬಾಗಿಲಲ್ಲಿ ಕಾದು ನಿಂತ ಹೆಣ್ಣು.
‘ಮೂರು ನಿಮಿಷಕ್ಕೆ ಪೀಂ ಅನ್ನುತ್ತಲ್ಲ ಮುನಿವೆಂಕಟಪ್ಪ,
ಅಲ್ಲಿ ಅರ್ಧಕ್ಕೆ ನಿಂತದ್ದಷ್ಟೇ ನನಗೆ ಬೇಕು.’

ಹೇಮಸೇನರಿಗೆ ಪ್ರೆಸ್ಸಿನ ವಿಳಾಸಕ್ಕೇ ಕಾಗದ ಬರುತ್ತಿತ್ತು.
ಹಾಸನದ ಒಬ್ಬಾಕೆ ಜಾತಕ ಕಳಿಸಿದ್ದಳು.
ಈಯಮ್ಮ ಇದೇ ಸ್ಟೂಲಿನ ಮೇಲೆ ಕೂತು
ಮೂರು ಕರಡು ಹರಿದು, ನಾಲ್ಕನೆಯದರಲ್ಲಿ
‘ತಂಗೀ, ನಾನು ಕಾಯಿಲಸ್ಥ’ ಅಂತ ಬರೆದು
ಬಹಳ ಹೊತ್ತು ಪೆನ್ನಿಗೆ ಕ್ಯಾಪು ಹಾಕಲಿಲ್ಲ.

ಭಾನುವಾರ ಬೇಗೂರಿಗೆ ಹೋಗಿಬರೋರು.
ಅಲ್ಲಿ ವೀರಗಲ್ಲುಗಳಿವೆ.
ಬೆರಳಲ್ಲಿ ತಡವಿ ಓದೋರಂತೆ, ಕಣ್ಣಿಲ್ಲದವರ ಹಾಗೆ.
‘ಸತ್ತವನ ಹೆಸರುಂಟು, ಅವನ ಅಪ್ಪನದುಂಟು,
ಬಿಟ್ಟುಕೊಟ್ಟ ಗದ್ದೆಯ ಲೆಕ್ಕವೂ ಉಂಟು,
ಸುದ್ದಿ ಕೇಳಿದವಳು ಇಲ್ಲ ಕಣಪ್ಪ.’
ಅವಳನ್ನೇ ಬರೆದರು. ಅದು ಹನ್ನೊಂದನೆಯದು.
ಅದರಲ್ಲಿ ಅವಳದೊಂದು ಓಲೆ, ಓಲೆಯಲ್ಲೊಂದು ಮಾತು:
ಅೞ್ಕಱ್.

ಕನ್ನಡಕ ಒರೆಸಿಕೊಂಡು ನೋಡಿದೆ. ಇದೇನಮ್ಮ ಇದು?
‘ಪ್ರೀತಿ’ ಅಂದರು.
ಪ್ರೀತಿಗೆ ಬೇಕಾದಷ್ಟು ಮೊಳೆ ಇದೆ, ಅದೇ ಕೂರಿಸಲಾ ಅಂದೆ.
‘ಅವಳ ಬಾಯಲ್ಲಿ ಆ ಪದ ಇರಲಿಲ್ಲ.’
ಎರಡೂ ನಾಲಿಗೆ ಮರೆತ ಅಕ್ಷರ. ಫೌಂಡ್ರಿಯವನು ನಕ್ಕುಬಿಟ್ಟ.
ಮೂರು ರಾತ್ರಿ, ಮುರಿದ ಮೊಳೆ ಬೆಸೆದು, ಅರ ಹಿಡಿದು ಉಜ್ಜಿ
ಒಂದು ೞ ಮಾಡಿದೆ, ಒಂದು ಱ.
ಒಂದೊಂದೇ. ಹೆಬ್ಬೆರಳು ಸೀಳಿತ್ತು.
ಪುಟದಲ್ಲಿ ಆ ಮಾತು ಒಂಬತ್ತು ಸಲ ಇತ್ತು.
ಮೊಳೆ ನೋಡಿದರು, ಬೆರಳು ನೋಡಿದರು,
ಅಲ್ಲೇ ನಿಂತು ಎಂಟನ್ನು ಹೊಡೆದುಹಾಕಿದರು.
‘ಈಗ ಚೆನ್ನಾಯಿತು ಓಲೆ’ ಅಂದರು.
ನಾನು ಬೆರಳಿಗೆ ಬಟ್ಟೆ ಸುತ್ತಿಕೊಂಡೆ.

ಆಮೇಲೆ ಆಫ್‌ಸೆಟ್ ಬಂತು. ಸೀಸ ಕಿಲೋ ಲೆಕ್ಕದಲ್ಲಿ ಹೋಯಿತು,
ಅವರ ಕಾದಂಬರಿ ಆಡಿದ್ದೂ ಅವೇ ಮೊಳೆ,
ಊರಿನ ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ ಆಡಿದ್ದೂ ಅವೇ.
ಶ್ರೀರಾಂಪುರದಲ್ಲಿ ಅವರು ತೀರಿಕೊಂಡ ವಾರಕ್ಕೆ
ಅಣ್ಣನ ಮಗ ಮೂರು ಮೂಟೆ ಚೀಟಿ ರದ್ದಿಗೆ ಹಾಕಿದನಂತೆ.
ಓಡಿದೆ ಅವೆನ್ಯೂ ರಸ್ತೆಗೆ.
ಸಿಕ್ಕಿದ್ದು ಒಂದು, ಬೋಂಡದ ಪೊಟ್ಟಣವಾಗಿ:
ಒಂದು ಮಗ್ಗುಲು ದಾವಣಗೆರೆ, ಲೈನು ಸಿಗಲಿಲ್ಲ, ರದ್ದು.
ಇನ್ನೊಂದು ಮಗ್ಗುಲು ಎಣ್ಣೆ ಕುಡಿದಿತ್ತು.
ಅದನ್ನೂ ಎಲ್ಲೋ ಕಳೆದೆ.

ಇದು ಮಾತ್ರ ಇದೆ, ಬೆಂಕಿಪೊಟ್ಟಣದಲ್ಲಿ.
ಸೀಸ ತೂಗುವ ದಿನ ಜೇಬಿಗಿಳಿಸಿದ್ದು. ಕಳ್ಳತನವೇ ಅನ್ನು.
ಮೊಳೆಯ ಮೇಲೆ ಅಕ್ಷರ ತಿರುಗುಮುರುಗು, ಹಾಗೇ ನೋಡಿದರೆ ತಿಳಿಯದು.
ಕೈ ಕೊಡು.
ಒತ್ತಿ ಹಿಡಿಯುತ್ತೇನೆ, ನೋಯುತ್ತೆ ಸ್ವಲ್ಪ.
ಬೇಗ ಓದಿಕೋ,
ಚರ್ಮ ಬಹಳ ಹೊತ್ತು ಇಟ್ಟುಕೊಳ್ಳುವುದಿಲ್ಲ.