ಒಂದು ಮೊಳದ ಬಸ್ಸು

ಇಪ್ಪತ್ತನಾಲ್ಕಕ್ಕೆ ಒಂದು ಲೆಕ್ಕದಲ್ಲಿ
ಇಡೀ ಬಸ್ಸು ಒಂದು ಮೊಳ.
ಚಕ್ರ ಒಂದೊಂದೂ ಕೋಡುಬಳೆ,
ಸ್ಟೇರಿಂಗು ಮಗುವಿನ ಕಿವಿಯ ರಿಂಗು.
ಎಲ್ಲವನ್ನೂ ಚಿಕ್ಕದು ಮಾಡಬಹುದು:
ಟಾಪಿನ ಏಣಿ, ಸ್ಟೆಪ್ನಿ,
ಕಂಡಕ್ಟರ್ ಸೀಟಿನ ಹರಿದ ರೆಕ್ಸಿನ್ನು ಕೂಡ.
ಬೆಳಕನ್ನು ಮಾತ್ರ ಆಗದು.
ಪೆನ್ಷನ್ ಮೊಹಲ್ಲಾದ ನಮ್ಮ ತಾರಸಿಯಲ್ಲಿ
ಬಸ್ಸಿಗೆ ಬೀಳುವ ಬಿಸಿಲೂ
ಬಕೆಟ್ಟಿಗೆ ಬೀಳುವ ಬಿಸಿಲೂ ಒಂದೇ ಅಳತೆ.

ಅದಕ್ಕೇ ಮೊದಲ ಸಲ ಸೋತೆ.
ಅಬ್ಬಾ ಕಾರಿಗೆ ಬಣ್ಣ ಹೊಡೆಯುತ್ತಿದ್ದವರು,
ಬಿ.ಎಂ. ರಸ್ತೆಯ ಶೆಡ್ಡಿನಲ್ಲಿ ನಲವತ್ತು ವರ್ಷ.
ಅವರದು ಒಂದೇ ಪಾಠ:
"ಡೋರಲ್ಲಿ ನೋಡ್ಕೊಂಡು ಗಿರಾಕಿ ಮೀಸೆ ತಿರುವಬೇಕು ಜಬೀನಾ,
ಆಗ ಕಾಸು."
ಅವರ ಗನ್ನು, ಅವರ ಕಂಪ್ರೆಸರು, ಅವರದೇ ಕೈ ನನಗೂ.
ಕೆಂಪು ಬಸ್ಸು ಕನ್ನಡಿಯಾಯಿತು.

ಜವರಪ್ಪನವರು ಬಂದು ನೋಡಿದರು.
ಹಾಸನ, ಅರಕಲಗೂಡು, ಕೊಣನೂರು,
ಒಂಬತ್ತು ವರ್ಷ ಅದೇ ಗಾಡಿ ಓಡಿಸಿದವರು.
ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ, ಇಳಿಸಿ,
"ಚೆನ್ನಾಗೈತೆ ಕಣಮ್ಮ. ಆದ್ರೆ ಆಟದ ಸಾಮಾನು.
ಇದ್ರಲ್ಲಿ ನನ್ನ ಮುಖ ಕಾಣ್ತದೆ,
ಬಸ್ಸು ಕಾಣಲ್ಲ."

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತೆ, ಕೆಲಸವಿಲ್ಲದವಳಂತೆ.
ನೂರು ಹೆಜ್ಜೆ ಆಚೆಗೆ ತೊಳೆದ ಬಸ್ಸೂ ಮಂಕೇ.
ನಡುವೆ ಅಷ್ಟು ಗಾಳಿ, ಅಷ್ಟು ದೂಳು, ಕಡಲೆಕಾಯಿ ಗಾಡಿಯ ಹೊಗೆ.
ಚಿಕ್ಕದು ಅಂದರೆ ಕಣ್ಣಿಗೆ ದೂರದ್ದು.
ನಾನು ಹೊಡೆಯಬೇಕಾದ್ದು
ಬಣ್ಣದ ಮೇಲೆ ಇನ್ನೊಂದು ಬಣ್ಣವಲ್ಲ,
ಆ ನೂರು ಹೆಜ್ಜೆ.

ಕೈ ಕಲಿತದ್ದನ್ನು ಕೈಗೆ ಮರೆಸುವುದು ಕಷ್ಟ.
ಮಂಕು ಡಬ್ಬಿಯ ತಳದಲ್ಲಿ ಗಸಿಯಾಗಿ ಕೂತಿರುತ್ತದೆ,
ಮೇಲಿನ ತಿಳಿ ಹೊಡೆದರೆ ಮತ್ತೆ ಹೊಳಪೇ.
ಕಲಕಬೇಕು, ಅಂಬಲಿ ಕಲಕಿದಂತೆ, ಗಂಟು ಉಳಿಯದೆ.
ಹತ್ತಿರ ಹಿಡಿದರೆ ತೊಯ್ದು ಮಿರುಗುತ್ತದೆ,
ದೂರ ಹಿಡಿದರೆ ಹನಿ ಗಾಳಿಯಲ್ಲೇ ಒಣಗಿ
ಮೈಯೆಲ್ಲ ಚಿರೋಟಿ ರವೆ.
ಒಂದು ಗೇಣು.
ಬಂಪರಿನ ಆಚೆ ಶುರು, ಹಿಂದಿನ ಏಣಿ ದಾಟಿದ ಮೇಲೆ ನಿಲುಗಡೆ,
ನಡುವೆ ಎಲ್ಲೂ ಕೈ ತಡೆಯಬಾರದು,
ರಿಕ್ವೆಸ್ಟ್ ಸ್ಟಾಪಿಲ್ಲದ ಎಕ್ಸ್‌ಪ್ರೆಸ್ಸಿನ ಹಾಗೆ.
ತೆಳ್ಳಗೆ. ಕಾಯಿ. ಇನ್ನೊಮ್ಮೆ ತೆಳ್ಳಗೆ.

"ನಲವತ್ತು ವರ್ಷ ಮಂಕು ಬಂದ್ರೆ ಬೈಸಿಕೊಂಡೆ,
ನೀನು ಅದಕ್ಕೇ ಕಾಸು ಕೇಳ್ತೀಯ"
ಅಬ್ಬಾ ಕುರ್ಚಿಯಿಂದಲೇ ನಕ್ಕರು.

ಆಷಾಢದ ಒಂದು ಬೆಳಿಗ್ಗೆ ಆತುರಪಟ್ಟೆ.
ತೇವ ಹೊಕ್ಕು ಬಸ್ಸು ಬೂದಿ ಬಡಿದಂತೆ ಬೆಳ್ಳಗಾಯಿತು.
ಜವರಪ್ಪನವರಿಗೆ ಅದೇ ಇಷ್ಟವಾಗಿಬಿಟ್ಟಿತು:
"ಬಿಡಮ್ಮ ಹಂಗೇ, ಆರೂ ಹತ್ತರ ಟ್ರಿಪ್ಪು,
ಮಾಗೀಲಿ ಹಿಂಗೇ ಇರ್ತಿತ್ತು."
ತಪ್ಪಿಗೆ ಮಂಜೆಂದು ಹೆಸರಿಡಲು ನನಗೆ ಮನಸ್ಸಾಗಲಿಲ್ಲ.
ಉಜ್ಜಿದೆ. ಎರಡು ಸಾವಿರದ ನೀರುಕಾಗದ, ಹಳೆಯ ಹಲ್ಲುಬ್ರಷ್ಷು,
ಹದಿನೆಂಟು ಕಿಟಕಿಗೂ ಮತ್ತೆ ಟೇಪು.
ನೂಲು ಉದುರೀತೆಂದು ದುಪಟ್ಟಾ ಬಿಚ್ಚಿಟ್ಟು
ಹನ್ನೊಂದರಿಂದ ಒಂದರವರೆಗೆ, ಬಿಸಿಲು ಇದ್ದಷ್ಟೇ ಹೊತ್ತು.

ಮೂರನೆಯ ದಿನ ಕೆಂಪು ಸುಮ್ಮನಾಯಿತು.
ಬೆರಳಿಗೆ ಬಾಳೆಲೆಯ ಹಿಂಬದಿ,
ಕಣ್ಣಿಗೆ ಕೊಣನೂರಿನ ತಿರುವು.
ಜವರಪ್ಪನವರು ಮಾತಾಡಲಿಲ್ಲ.
ಟವೆಲಿನಲ್ಲಿ ಸುತ್ತಿ ಒಯ್ದರು.

ಮುಟ್ಟಬೇಡಿ ಎಂದಿದ್ದೆ, ಮಂಕು ಮೈ ಕೈಯೆಣ್ಣೆಗೆ ತಾಳದು.
ಮೊನ್ನೆ ಹೋದಾಗ ಟಿ.ವಿ. ಪಕ್ಕದಲ್ಲಿತ್ತು.
ಡ್ರೈವರ್ ಬಾಗಿಲ ಕೆಳಗೆ, ಹೆಬ್ಬೆರಳಗಲ,
ತಿಕ್ಕಿ ತಿಕ್ಕಿ ಮಿರುಗು ಬಂದಿದೆ.
"ಒರೆಸ್ತಿರ್ತೀನಿ, ದೂಳು ಕೂರ್ತದೆ" ಅಂದರು
ಎತ್ತಲೋ ನೋಡುತ್ತ.
ಬ್ಯಾಗಿನಲ್ಲಿ ಡಬ್ಬಿ ಇತ್ತು.
ಒಂದು ಗೇಣು, ಒಂದು ಬೀಸು ಸಾಕಿತ್ತು.
ಕಾಫಿ ಕುಡಿದು ಬಂದೆ.